ಸೋತ ಮೇಲೆ ಕೈಯಲ್ಲಿ ಎಂತ ಉಳಿತದೆ? ಎಚ್‌ಡಿ ಡಿವಿಡಿ, ಬ್ಲೂ-ರೇ ಮತ್ತೆ ನಮ್ಮ ಮನೆಯ ಟೀವಿ

ಉಡುಪಿಯಲ್ಲಿ ಮದುವೆ ವಿಡಿಯೋ ಮಾಡುವವರು, ಸ್ಟುಡಿಯೋದವರು, ಮನೆಯಲ್ಲಿ ಡಿಸ್ಕ್ ಕೂಡಿಟ್ಟುಕೊಂಡ ಕೆಲವರು ಸೇರಿದ್ದ ಕೂಟದಲ್ಲಿ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ಮಾತಿನ ಧಾಟಿ ಹಾಗೇ ಇಟ್ಟಿದ್ದೇನೆ, ಕೊನೆಗೆ ಬಂದ ಪ್ರಶ್ನೆಗಳೂ ಉಂಟು.

ಎಲ್ಲರಿಗೂ ನಮಸ್ಕಾರ. ಡಿಸ್ಕಿನ ಕಾಲವೇ ಮುಗಿತಾ ಬಂತು, ಈಗ ಎಚ್‌ಡಿ ಡಿವಿಡಿ ಬ್ಲೂ-ರೇ ಜಗಳದ ಕತೆ ಎಂತಕ್ಕೆ ಅಂತ ಒಳಗೆ ಬರುವಾಗ್ಲೇ ಒಬ್ರು ಕೇಳಿದ್ರು. ಕೇಳ್ಬೇಕಾದ ಪ್ರಶ್ನೆಯೇ. ಗೊತ್ತಿಲ್ಲದವರಿಗೆ ಒಂದು ಮಾತು, ಇವು ಡಿವಿಡಿ ಆದ ಮೇಲೆ ಬಂದ, ಹೆಚ್ಚು ಸ್ಪಷ್ಟ ಚಿತ್ರದ ಎರಡು ಬಗೆಯ ಸಿನಿಮಾ ಡಿಸ್ಕ್, ಎಚ್‌ಡಿ ಡಿವಿಡಿ ತೋಷಿಬಾದವರ ಗುಂಪಿನದ್ದು, ಬ್ಲೂ-ರೇ ಸೋನಿಯವರ ಗುಂಪಿನದ್ದು. ನನಗೆ ಈ ಕತೆ ಮುಖ್ಯ ಅನಿಸುದು ಎಂತಕ್ಕೆ ಅಂದ್ರೆ, ದುಡ್ಡು ಕೊಡುವವ ಎರಡರಲ್ಲಿ ಒಂದನ್ನು ಆರಿಸ್ಲೇಬೇಕು ಅನ್ನುವ ಪರಿಸ್ಥಿತಿ ಇದ್ರಲ್ಲಿ ಬಂದಷ್ಟು ಸ್ಪಷ್ಟವಾಗಿ ಬೇರೆ ಕಡೆ ಸಿಗುದು ಕಮ್ಮಿ. ಎರಡೂ 2006ರಲ್ಲಿ ಅಂಗಡಿಗೆ ಬಂದದ್ದು, ಎರಡರದ್ದೂ ಚಿತ್ರ 1920ಕ್ಕೆ 1080 ಪಿಕ್ಸೆಲ್, ಎರಡರ ಒಳಗೂ ಅದೇ ನೀಲಿ-ನೇರಳೆ ಲೇಸರ್, ಡಿಸ್ಕಿನ ಅಗಲವೂ ಅದೇ 12 ಸೆಂಟಿಮೀಟರ್, ಮತ್ತೆ ಎರಡು ವರ್ಷ ಪೂರ್ತಿ ಆಗುವ ಮೊದ್ಲೇ 2008ರ ಫೆಬ್ರವರಿ 19ಕ್ಕೆ ತೋಷಿಬಾದವರು ನಾವು ಎಚ್‌ಡಿ ಡಿವಿಡಿ ನಿಲ್ಲಿಸ್ತೇವೆ ಅಂತ ಹೇಳಿ ಕೈತೊಳ್ಕೊಂಡ್ರು. ಆ ಎರಡು ವರ್ಷ ಎಲ್ಲರ ಬಾಯಲ್ಲಿ ಇದ್ದ ಪ್ರಶ್ನೆ ಒಂದೇ, ಯಾವುದು ಗೆಲ್ತದೆ? ನಾನು ಹೇಳುದು, ಗ್ರಾಹಕ ಕೇಳ್ಬೇಕಾದ ಪ್ರಶ್ನೆ ಅದಲ್ಲ. ನಾನು ತಕೊಂಡದ್ದು ಸೋತ್ರೆ ನನ್ನ ಮನೆಯಲ್ಲಿ ಎಂತ ಉಳಿತದೆ ಅಂತ ಕೇಳ್ಬೇಕು. ಇವತ್ತು ಎಷ್ಟು ಸುತ್ತಿ ಬಂದ್ರೂ ಇದೇ ಜಾಗಕ್ಕೆ ಬರ್ತೇನೆ.

ಮೊದ್ಲು ಲೇಸರಿನ ವಿಷಯ ಮುಗಿಸುವ, ಯಾಕಂದ್ರೆ ಇಡೀ ಜಗಳದ ಬೇರು ಅಲ್ಲಿಯೇ ಇರುದು, ಮತ್ತೆ ಇದು ಅರ್ಥ ಆದ್ರೆ ಉಳಿದದ್ದು ಸುಲಭ.

ಸಿಡಿ ಓದುವ ಲೇಸರ್ 780 ನ್ಯಾನೋಮೀಟರಿನ ಇನ್‌ಫ್ರಾರೆಡ್. ಡಿವಿಡಿಯದ್ದು 650, ಕೆಂಪು. ಎಚ್‌ಡಿ ಡಿವಿಡಿ, ಬ್ಲೂ-ರೇ ಎರಡಕ್ಕೂ 405. ಈ ನೀಲಿ ಬೆಳಕನ್ನು ಗ್ಯಾಲಿಯಂ ನೈಟ್ರೈಡಿನಿಂದ ಹೊರಡಿಸ್ಲಿಕ್ಕೆ ಜಪಾನಿನವರು ಎಷ್ಟೋ ವರ್ಷ ಒದ್ದಾಡಿದ್ದು, ಅಕಸಾಕಿ, ಅಮಾನೊ, ನಕಮುರಾ ಅಂತ ಮೂರು ಜನಕ್ಕೆ ನೀಲಿ ಎಲ್‌ಇಡಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತಲ್ಲ, ಅದೇ ಕೆಲಸದ ಮುಂದಿನ ಕೊಂಬೆ ಈ ಲೇಸರ್. ಬೆಳಕಿನ ಚುಕ್ಕೆ ಎಷ್ಟು ಸಣ್ಣ ಆಗ್ತದೋ ಡಿಸ್ಕಿನಲ್ಲಿ ಅಷ್ಟು ಒತ್ತೊತ್ತಾಗಿ ಬರೀಬಹುದು. ಚುಕ್ಕೆ ಎಷ್ಟು ಸಣ್ಣ ಅನ್ನುದು ಎರಡು ಸಂಗತಿಯ ಮೇಲೆ ಉಂಟು, ಒಂದು ಬೆಳಕಿನ ತರಂಗಾಂತರ, ಇನ್ನೊಂದು ಲೆನ್ಸ್ ಆ ಬೆಳಕನ್ನು ಎಷ್ಟು ಓರೆಯಾಗಿ ಬಗ್ಗಿಸಿ ಒಂದು ಕಡೆ ಸೇರಿಸ್ತದೆ ಅನ್ನುದು, ಅದಕ್ಕೆ ನ್ಯೂಮರಿಕಲ್ ಅಪರ್ಚರ್ ಅಂತ ಹೇಳ್ತಾರೆ. ಡಿವಿಡಿಗೆ ಅದು 0.60, ಎಚ್‌ಡಿ ಡಿವಿಡಿಗೆ 0.65, ಬ್ಲೂ-ರೇಗೆ 0.85.

ಈಗ ಮೊಬೈಲ್ ತೆಗೆದು ನೀವೇ ಲೆಕ್ಕ ಮಾಡಿ. 650ನ್ನು 0.60ರಿಂದ ಭಾಗಿಸಿದ್ರೆ ಸುಮಾರು 1083. 405ನ್ನು 0.65ರಿಂದ ಭಾಗಿಸಿದ್ರೆ 623. 405ನ್ನು 0.85ರಿಂದ ಭಾಗಿಸಿದ್ರೆ 476. ಚುಕ್ಕೆಗೆ ಉದ್ದವೂ ಅಗಲವೂ ಉಂಟಲ್ಲ, ಹಾಗಾಗಿ ವರ್ಗ ಮಾಡ್ಬೇಕು. ಡಿವಿಡಿಗೆ ಹೋಲಿಸಿದ್ರೆ ಎಚ್‌ಡಿ ಡಿವಿಡಿಯಲ್ಲಿ ಮೂರು ಪಾಲು, ಬ್ಲೂ-ರೇಯಲ್ಲಿ ಐದಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಬೇಕು. ಡಿವಿಡಿ 4.7 ಜಿಬಿ, ಮೂರರಿಂದ ಗುಣಿಸಿದ್ರೆ ಹದಿನಾಲ್ಕು ಚಿಲ್ಲರೆ, ಐದರಿಂದ ಗುಣಿಸಿದ್ರೆ ಇಪ್ಪತ್ತಮೂರು ಇಪ್ಪತ್ತನಾಲ್ಕು. ನಿಜವಾಗಿ ಒಂದು ಪದರಕ್ಕೆ ಎಚ್‌ಡಿ ಡಿವಿಡಿ 15 ಜಿಬಿ, ಬ್ಲೂ-ರೇ 25 ಜಿಬಿ. ಎರಡು ಪದರ ಆದ್ರೆ 30 ಮತ್ತೆ 50. ಎಷ್ಟು ಹತ್ತಿರ ಬಂತು ನೋಡಿ, ಆ ಹತ್ತು ಜಿಬಿಯ ವ್ಯತ್ಯಾಸ ಬಂದದ್ದು ಇಡೀ ಲೆನ್ಸಿನಿಂದ ಅಂತಲೇ ಹೇಳಬಹುದು. ನನಗೆ ಈ ಲೆಕ್ಕ ಮಾಡುವಾಗ ಪ್ರತಿ ಸಲ ಖುಷಿ ಆಗ್ತದೆ.

ಹಾಗಾದ್ರೆ ಎಚ್‌ಡಿ ಡಿವಿಡಿಯವರು ಯಾಕೆ 0.85ರ ಲೆನ್ಸ್ ಹಾಕ್ಲಿಲ್ಲ? ಅಪರ್ಚರ್ ಜಾಸ್ತಿ ಆದ ಹಾಗೆ ಡಿಸ್ಕ್ ಒಂಚೂರು ಓರೆ ಆದ್ರೂ ಚುಕ್ಕೆ ಹರಡ್ತದೆ, ಅದನ್ನು ತಡಿಬೇಕಾದ್ರೆ ಲೆನ್ಸಿಗೂ ಡೇಟಾಕ್ಕೂ ನಡುವೆ ಇರುವ ಪ್ಲಾಸ್ಟಿಕ್ ಪದರ ತೆಳು ಆಗ್ಬೇಕು. ಡಿವಿಡಿಯಲ್ಲಿ ಆ ಪದರ 0.6 ಮಿಲಿಮೀಟರ್, ಬ್ಲೂ-ರೇಯಲ್ಲಿ 0.1. ಡೇಟಾ ಹೆಚ್ಚುಕಮ್ಮಿ ಮೇಲ್ಮೈಯಲ್ಲೇ ಕೂತ ಹಾಗೆ, ಒಂದು ಗೀರು ಬಿದ್ರೆ ಮುಗೀತು. 2003ರಲ್ಲಿ ಜಪಾನಿನಲ್ಲಿ ಸೋನಿಯ ಮೊದಲ ಬ್ಲೂ-ರೇ ರೆಕಾರ್ಡರ್ ಬಂದಾಗ ಡಿಸ್ಕನ್ನು ಪ್ಲಾಸ್ಟಿಕ್ ಗೂಡಿನೊಳಗೆ ಇಟ್ಟೇ ಹಾಕ್ಬೇಕಿತ್ತು. ಆಮೇಲೆ ಟಿಡಿಕೆಯವರು ಗಟ್ಟಿ ಲೇಪ ಕಂಡುಹಿಡಿದ ಮೇಲೆ ಗೂಡು ಬೇಡ ಆಯ್ತು. ಎಚ್‌ಡಿ ಡಿವಿಡಿಯವರು 0.6 ಮಿಲಿಮೀಟರನ್ನು ಹಾಗೇ ಇಟ್ಟುಕೊಂಡ್ರು, ಯಾಕಂದ್ರೆ ಪ್ರಪಂಚದ ತುಂಬ ಇರುವ ಡಿವಿಡಿ ಒತ್ತುವ ಫ್ಯಾಕ್ಟರಿಗಳಲ್ಲಿ ಸ್ವಲ್ಪ ಬದಲಾವಣೆ ಮಾಡಿದ್ರೆ ಇದನ್ನೂ ಒತ್ಲಿಕ್ಕೆ ಆಗ್ತದೆ, ಖರ್ಚು ಕಮ್ಮಿ. ಎರಡೂ ಬುದ್ಧಿವಂತರ ನಿರ್ಧಾರವೇ. ಒಬ್ರು ಹಳೇ ಫ್ಯಾಕ್ಟರಿ ಉಳಿಸ್ಲಿಕ್ಕೆ ನೋಡಿದ್ರು, ಇನ್ನೊಬ್ರು ಮುಂದೆ ಬೇಕಾಗುವ ಜಾಗ ನೋಡಿದ್ರು.

ಈ ಎರಡು ಗುಂಪು ಮೊದಲ ಸಲ ಎದುರುಬದುರು ನಿಂತದ್ದೂ ಅಲ್ಲ. ಡಿವಿಡಿ ಹುಟ್ಟುವ ಮೊದ್ಲು 1995ರಲ್ಲಿ ಸೋನಿ ಫಿಲಿಪ್ಸ್ ಒಂದು ಡಿಸ್ಕ್ ಹಿಡ್ಕೊಂಡು ಬಂದ್ರು, ತೋಷಿಬಾ ಮತ್ತೆ ವಾರ್ನರ್ ಕಡೆಯವರು ಇನ್ನೊಂದು. ಆಗ ಐಬಿಎಂ, ಆಪಲ್, ಮೈಕ್ರೋಸಾಫ್ಟ್ ಇಂಥ ಕಂಪ್ಯೂಟರಿನವರೆಲ್ಲ ಒಟ್ಟಾಗಿ ನಮಗೆ ಎರಡು ಬೇಡ, ನೀವು ಒಂದು ಮಾಡಿ ತನ್ನಿ ಅಂತ ಪಟ್ಟು ಹಿಡಿದ ಕಾರಣ ರಾಜಿ ಆಯ್ತು. ಎರಡು 0.6 ಮಿಲಿಮೀಟರ್ ಹಾಳೆ ಅಂಟಿಸುದು ತೋಷಿಬಾ ಕಡೆಯಿಂದ ಬಂತು, ಬಿಟ್ಟುಗಳನ್ನು ಜೋಡಿಸುವ ಕ್ರಮ ಸೋನಿ ಕಡೆಯಿಂದ. ಆ ರಾಜಿಯಿಂದಲೇ ಡಿವಿಡಿ ಅಷ್ಟು ಬೇಗ ನಮ್ಮ ಪೇಟೆಯ ಬಾಡಿಗೆ ಅಂಗಡಿವರೆಗೆ ಬಂದದ್ದು. 2005ರಲ್ಲಿಯೂ ಸೋನಿ ತೋಷಿಬಾ ಕೂತು ಮಾತಾಡಿದ್ರು, ಆದ್ರೆ ಆ ಸಲ ಮುರಿದು ಬಿತ್ತು. ಕಂಪೆನಿಗಳು ಬಗೆಹರಿಸದೆ ಬಿಟ್ಟದ್ದನ್ನು ಗ್ರಾಹಕ ತನ್ನ ಜೇಬಿನಿಂದ ಬಗೆಹರಿಸ್ಬೇಕಾಯ್ತು, ಇದು ನನಗೆ ಇವತ್ತಿಗೂ ಅನ್ಯಾಯ ಅಂತ್ಲೇ ಕಾಣುದು.

ಇನ್ನು ಚಿತ್ರದ ಗುಣಮಟ್ಟ. ಇಲ್ಲಿ ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಯಕ್ಷಗಾನದ ಆಟ ಶೂಟ್ ಮಾಡಿದವರು, ಹಾಗಾಗಿ ಅದ್ರಲ್ಲೇ ಹೇಳ್ತೇನೆ. ತೆಂಕುತಿಟ್ಟಿನ ಧಿಗಿಣ ಉಂಟಲ್ಲ, ವೇಷ ಗಿರಗಿರ ತಿರುಗ್ತಾ ಇರ್ತದೆ, ಮೈಮೇಲೆ ಮಿಣಿಮಿಣಿ, ಹಿಂದೆ ಲೈಟು, ಚೆಂಡೆ ಏರ್ತಾ ಹೋಗ್ತದೆ, ಒಂದು ಫ್ರೇಮಿಗೂ ಮುಂದಿನ ಫ್ರೇಮಿಗೂ ಏನೂ ಸಂಬಂಧ ಇರುದಿಲ್ಲ. ವಿಡಿಯೋ ಕಂಪ್ರೆಷನ್ ಬದುಕುದೇ ಹಿಂದಿನ ಫ್ರೇಮಿನ ಹಾಗೆ ಮುಂದಿನದ್ದು ಇರ್ತದೆ ಅನ್ನುವ ನಂಬಿಕೆಯಲ್ಲಿ. ಅದು ಕೈಕೊಟ್ಟಾಗ ಉಳಿಯುವ ದಾರಿ ಒಂದೇ, ಹೆಚ್ಚು ಬಿಟ್ ಕೊಡುದು. ವಿಸಿಡಿಯಲ್ಲಿ ವಿಡಿಯೋಗೆ ಸೆಕೆಂಡಿಗೆ 1.15 ಮೆಗಾಬಿಟ್, ಚಿತ್ರ 352ಕ್ಕೆ 288, ಹಾಗಾಗಿ ನಮ್ಮ ಹಳೇ ಆಟದ ವಿಸಿಡಿ ಹಾಕಿದ್ರೆ ಧಿಗಿಣ ಬಂದ ಕೂಡ್ಲೇ ವೇಷ ಚೌಕ ಚೌಕ ಆಗಿ ಒಡೆದು ಹೋಗುದು, ಬಣ್ಣದ ವೇಷದ ಮುಖದ ಚುಟ್ಟಿ ಬರೀ ಬಿಳಿ ಕಲೆ ಹಾಗೆ ಕಾಣುದು. ಡಿವಿಡಿಯಲ್ಲಿ ಗರಿಷ್ಠ 9.8 ಮೆಗಾಬಿಟ್. ಎಚ್‌ಡಿ ಡಿವಿಡಿಯಲ್ಲಿ ವಿಡಿಯೋಗೆ 29.4, ಬ್ಲೂ-ರೇಯಲ್ಲಿ 40. ಚಿತ್ರದ ಚುಕ್ಕೆಗಳ, ಅಂದ್ರೆ ಪಿಕ್ಸೆಲ್ಲಿನ, ಲೆಕ್ಕ ನೋಡಿದ್ರೆ ನಮ್ಮ ಕಡೆಯ ಟೀವಿ ಪದ್ಧತಿಯಾದ ಪಾಲ್‌ನ ಡಿವಿಡಿಯಲ್ಲಿ ನಾಲ್ಕು ಲಕ್ಷ ಚಿಲ್ಲರೆ, ಎಚ್‌ಡಿಯಲ್ಲಿ ಇಪ್ಪತ್ತು ಲಕ್ಷದ ಮೇಲೆ, ಅಂದ್ರೆ ಐದು ಪಾಲು.

29.4 ಮತ್ತು 40, ಇಲ್ಲಿ ಬ್ಲೂ-ರೇ ಮುಂದೆ ಅಂತ ಕಾಣ್ತದೆ. ಆದ್ರೆ ನಿಜವಾಗಿ ನಡೆದದ್ದು ಬೇರೆ. ಎರಡರಲ್ಲೂ ಬಳಸಬಹುದಾದ ಕೋಡೆಕ್, ಅಂದ್ರೆ ವಿಡಿಯೋ ಕುಗ್ಗಿಸುವ ಕ್ರಮ, ಅವೇ ಮೂರು, ಹಳೇ ಎಂಪೆಗ್-2, ಮೈಕ್ರೋಸಾಫ್ಟಿನ ವಿಸಿ-1, ಮತ್ತೆ ಎಚ್.264. ಶುರುವಿನ ಬ್ಲೂ-ರೇ ಡಿಸ್ಕುಗಳಲ್ಲಿ ಸುಮಾರು ಎಂಪೆಗ್-2ರಲ್ಲಿ, ಅದೂ 25 ಜಿಬಿಯ ಒಂದೇ ಪದರದಲ್ಲಿ ತುಂಬಿಸಿ ಬಂದವು, ಎಚ್‌ಡಿ ಡಿವಿಡಿಯವರು 30 ಜಿಬಿ ಡಿಸ್ಕಿನಲ್ಲಿ ವಿಸಿ-1 ಹಾಕಿ ತಂದ್ರು, ಹಾಗಾಗಿ 2006ರಲ್ಲಿ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಕಮ್ಮಿ ಜಾಗದ ಡಿಸ್ಕಿನದ್ದೇ ಚಂದ ಕಂಡದ್ದುಂಟು. ಎರಡು ಗಂಟೆಯ ಸಿನಿಮಾಕ್ಕೆ ಸರಾಸರಿ 25 ಮೆಗಾಬಿಟ್ ಇಟ್ರೆ 22.5 ಜಿಬಿ ಬೇಕು. 30 ಜಿಬಿಯಲ್ಲಿ ಅದು ಆರಾಮ ಕೂರ್ತದೆ. ಡಿಸ್ಕಿನ ಮೇಲೆ ಬರೆದ ಅಂಕಿ ನೋಡಿ ಚಿತ್ರ ಹೇಗುಂಟು ಅಂತ ಹೇಳ್ಲಿಕ್ಕೆ ಆಗುದಿಲ್ಲ, ಕಂಪ್ರೆಷನ್ ಮಾಡಿದವನ ಕೈ ಹೇಗಿತ್ತು ಅನ್ನುದೇ ದೊಡ್ಡದು, ಇದು ಇಲ್ಲಿಯ ಎಡಿಟಿಂಗಿನವರಿಗೆ ನಾನು ಹೇಳ್ಬೇಕಾಗಿಲ್ಲ.

ಈಗ ನಮ್ಮ ಊರಿಗೆ ಸಂಬಂಧಪಟ್ಟ ದೊಡ್ಡ ವಿಷಯಕ್ಕೆ ಬರ್ತೇನೆ, ರೀಜನ್ ಕೋಡ್, ಅಂದ್ರೆ ಒಂದು ಕಡೆಯ ಡಿಸ್ಕ್ ಇನ್ನೊಂದು ಕಡೆಯ ಪ್ಲೇಯರಲ್ಲಿ ಓಡದ ಹಾಗೆ ಹಾಕುವ ಬೀಗ. ಮಂಗಳೂರು ಉಡುಪಿ ಕಡೆ ದುಬೈಯಲ್ಲೋ ಮಸ್ಕತ್ತಲ್ಲೋ ಕುವೈತಲ್ಲೋ ಒಬ್ಬ ಮಾವನೋ ಬಾವನೋ ಇಲ್ಲದ ಮನೆ ಕಮ್ಮಿ. ವಿಸಿಆರ್ ಕಾಲದಿಂದಲೂ ಒಳ್ಳೇ ಸಾಮಾನು ನಮ್ಮಲ್ಲಿಗೆ ಬಂದದ್ದು ರಟ್ಟಿನ ಪೆಟ್ಟಿಗೆಗೆ ಹಗ್ಗ ಕಟ್ಟಿ, ಹೆಸರು ಬರೆದು, ಮೊದ್ಲು ಬೊಂಬಾಯಿಯಿಂದ ಬಸ್ಸಲ್ಲಿ, ಆಮೇಲೆ ವಿಮಾನದಲ್ಲಿ ಸೀದಾ ಬಜ್ಪೆಗೆ. ವೋಲ್ಟೇಜ್ ಒಂದೇ, ಪಾಲ್ ಸಿಸ್ಟಮ್ ಒಂದೇ, ತಂದು ಪ್ಲಗ್ ಹಾಕಿದ್ರೆ ಆಯ್ತು. ಡಿಸ್ಕ್ ಬಂದ ಮೇಲೆ ಅದು ಕೆಟ್ಟಿತು. ಡಿವಿಡಿಯಲ್ಲಿ ಗಲ್ಫ್ ರೀಜನ್ 2, ನಾವು 5. ಡಿವಿಡಿ ಕಾಲದಲ್ಲಿ ಇದು ಅಷ್ಟು ರಗಳೆ ಆಗ್ಲಿಲ್ಲ, ಯಾಕಂದ್ರೆ ಕಮ್ಮಿ ರೇಟಿನ ಪ್ಲೇಯರುಗಳಲ್ಲಿ ರಿಮೋಟಿನಲ್ಲಿ ನಾಲ್ಕು ನಂಬರ್ ಒತ್ತಿದ್ರೆ ಎಲ್ಲಾ ರೀಜನ್ ಓಡ್ತಿತ್ತು. ಬ್ಲೂ-ರೇಯಲ್ಲಿ ಮೂರು ಭಾಗ ಮಾಡಿದ್ರು, ಅಮೆರಿಕ ಜಪಾನ್ ಎ, ಯುರೋಪ್ ಮತ್ತೆ ಗಲ್ಫ್ ಬಿ, ನಾವು ರಷ್ಯಾ ಚೀನಾದವರ ಒಟ್ಟಿಗೆ ಸಿ. ಇಲ್ಲಿ ಆ ರಿಮೋಟಿನ ಉಪಾಯ ಸುಲಭದಲ್ಲಿ ನಡೀಲಿಲ್ಲ. ಬಾವ ಅಲ್ಲಿಂದ ತಂದ ಡಿಸ್ಕ್ ಇಲ್ಲಿ ತಕೊಂಡ ಪ್ಲೇಯರಲ್ಲಿ ಓಡ್ಲಿಕ್ಕಿಲ್ಲ, ಅಲ್ಲಿಂದ ತಂದ ಪ್ಲೇಯರಿಗೆ ಇಲ್ಲಿಯ ಡಿಸ್ಕ್ ಆಗ್ಲಿಕ್ಕಿಲ್ಲ. ಎಲ್ಲಾ ಡಿಸ್ಕಿಗೂ ಈ ಬೀಗ ಇರ್ಲಿಲ್ಲ ಅನ್ನುದನ್ನೂ ಹೇಳ್ಬೇಕು, ಕೆಲವು ಸ್ಟುಡಿಯೋ ಹಾಕ್ತಾನೇ ಇರ್ಲಿಲ್ಲ, ಕೆಲವು ತಪ್ಪದೆ ಹಾಕ್ತಿದ್ರು.

ಎಚ್‌ಡಿ ಡಿವಿಡಿಗೆ ರೀಜನ್ ಕೋಡ್ ಅನ್ನುದೇ ಇರ್ಲಿಲ್ಲ ಮಾರಾಯ್ರೆ. ಲಂಡನ್ನಿನ ಡಿಸ್ಕೂ ಓಡ್ತದೆ ನ್ಯೂಯಾರ್ಕಿನದ್ದೂ ಓಡ್ತದೆ. ಪ್ರತಿ ಎಚ್‌ಡಿ ಡಿವಿಡಿ ಪ್ಲೇಯರಿನಲ್ಲಿ ನೆಟ್‌ವರ್ಕ್ ಪೋರ್ಟ್ ಕಡ್ಡಾಯ, ಚಿತ್ರದೊಳಗೆ ಇನ್ನೊಂದು ಚಿತ್ರ ತೋರಿಸುವ ಡಿಕೋಡರ್ ಕಡ್ಡಾಯ, ಮೊದಲ ದಿನದಿಂದ್ಲೇ. ಬ್ಲೂ-ರೇಯವರು ಅರ್ಧ ಬೆಂದದ್ದನ್ನು ಬಡಿಸಿದ್ರು. ಪ್ರೊಫೈಲ್ 1.0 ಅಂತ ಬಂತು, ಅದ್ರಲ್ಲಿ ಇದ್ಯಾವುದೂ ಇಲ್ಲ. ಆಮೇಲೆ 1.1, ಆಮೇಲೆ ನೆಟ್‌ವರ್ಕ್ ಇರುವ 2.0. ಮೊದಲು ದುಡ್ಡು ಕೊಟ್ಟವನ ಪ್ಲೇಯರ್ ಒಂದೂವರೆ ವರ್ಷದಲ್ಲಿ ಹಿಂದಿನ ತಲೆಮಾರಿನದ್ದು. ಬೆಲೆಯೋ, 2006ರ ಏಪ್ರಿಲಿನಲ್ಲಿ ತೋಷಿಬಾದ ಮೊದಲ ಪ್ಲೇಯರ್ ಅಮೆರಿಕದಲ್ಲಿ 499 ಡಾಲರ್, ಜೂನಿನಲ್ಲಿ ಬಂದ ಸ್ಯಾಮ್‌ಸಂಗಿನ ಮೊದಲ ಬ್ಲೂ-ರೇ ಪ್ಲೇಯರ್ 999. ಕಾಗದದ ಮೇಲೆ ಗ್ರಾಹಕನ ಕಡೆಯಿಂದ ನೋಡಿದ್ರೆ ಎಚ್‌ಡಿ ಡಿವಿಡಿಯೇ ಒಳ್ಳೇದು. ನಾನು ಇದನ್ನು ಯಾರ ಎದುರೂ ಹೇಳ್ತೇನೆ.

ಮತ್ತೆ ಯಾಕೆ ಸೋತಿತು? ಬೇಗ ಹೇಳಿ ಮುಗಿಸ್ತೇನೆ, ಯಾಕಂದ್ರೆ ಇದು ಸುಮಾರು ಜನಕ್ಕೆ ಗೊತ್ತಿರುವ ಕತೆ. ಸೋನಿ 2006ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 3ರ ಒಳಗೇ ಬ್ಲೂ-ರೇ ಇಟ್ಟಿತು, ಗೇಮ್ ಆಡ್ಲಿಕ್ಕೆ ತಕೊಂಡವನ ಮನೆಗೆ ಬ್ಲೂ-ರೇ ಪ್ಲೇಯರ್ ತನ್ನಷ್ಟಕ್ಕೆ ಬಂತು. ಮೈಕ್ರೋಸಾಫ್ಟಿನವರು ಎಕ್ಸ್‌ಬಾಕ್ಸ್ 360ಕ್ಕೆ ಎಚ್‌ಡಿ ಡಿವಿಡಿಯನ್ನು ಬೇರೆ ಡ್ರೈವ್ ಆಗಿ 199 ಡಾಲರಿಗೆ ಮಾರಿದ್ರು, ಬೇರೆ ಮಾರಿದ್ದನ್ನು ಎಲ್ಲರೂ ತಕೊಳ್ಳುದಿಲ್ಲ. ಸೋನಿ ಹತ್ರ ಸ್ವಂತ ಸಿನಿಮಾ ಸ್ಟುಡಿಯೋ ಇತ್ತು, ಡಿಸ್ನಿ ಫಾಕ್ಸ್ ಜೊತೆಗೆ ಬಂದ್ರು. ಆಚೆ ಕಡೆ ಯುನಿವರ್ಸಲ್, 2007ರ ಆಗಸ್ಟಿನಿಂದ ಪ್ಯಾರಾಮೌಂಟ್ ಮತ್ತೆ ಡ್ರೀಮ್‌ವರ್ಕ್ಸ್ ಆನಿಮೇಷನ್. ನಡುವೆ ಎರಡರಲ್ಲೂ ಡಿಸ್ಕ್ ತರ್ತಿದ್ದದ್ದು ವಾರ್ನರ್. ಆ ವಾರ್ನರ್ 2008ರ ಜನವರಿ 4ಕ್ಕೆ ನಾವು ಇನ್ನು ಬ್ಲೂ-ರೇ ಮಾತ್ರ ಅಂತ ಹೇಳಿತು. ಫೆಬ್ರವರಿಯಲ್ಲಿ ಆಗ ಡಿಸ್ಕ್ ಬಾಡಿಗೆಗೆ ಕೊಡ್ತಿದ್ದ ನೆಟ್‌ಫ್ಲಿಕ್ಸ್, ಅಮೆರಿಕದ ದೊಡ್ಡ ಅಂಗಡಿಗಳಾದ ಬೆಸ್ಟ್ ಬೈ, ವಾಲ್‌ಮಾರ್ಟ್ ಒಂದರ ಹಿಂದೆ ಒಂದು ಎಚ್‌ಡಿ ಡಿವಿಡಿ ಕೈಬಿಟ್ಟವು. ಜನವರಿ 4ರಿಂದ ಫೆಬ್ರವರಿ 19ರ ನಡುವೆ ಚಿತ್ರದ ಗುಣಮಟ್ಟ ಒಂದು ಕೂದಲಿನಷ್ಟೂ ಬದಲಾಗ್ಲಿಲ್ಲ. ಲೇಸರ್ ಅದೇ, ಲೆನ್ಸ್ ಅದೇ, ಕೋಡೆಕ್ ಅದೇ. ಗೆದ್ದದ್ದು ಸೋತದ್ದು ಪೂರ್ತಿ ಬೇರೆಯವರ ಆಫೀಸಿನಲ್ಲಿ ನಿರ್ಧಾರ ಆಯ್ತು. ಅದನ್ನು ಮಂಗಳೂರಿನ ಅಂಗಡಿಯಲ್ಲಿ ನಿಂತವ ಎಷ್ಟು ಓದಿಕೊಂಡಿದ್ರೂ ಮೊದ್ಲೇ ಹೇಗೆ ಹೇಳುದು? ಹೇಳ್ಲಿಕ್ಕೆ ಆಗುದೇ ಇಲ್ಲ.

ಅದಕ್ಕೇ ನಾನು ಯಾವುದು ಗೆಲ್ತದೆ ಅನ್ನುವ ಪ್ರಶ್ನೆಯನ್ನು ಬದಿಗೆ ಇಡಿ ಅಂತ ಹೇಳುದು. ಸೋತವರ ಮನೆಯಲ್ಲಿ ಎಂತ ಉಳಿಯಿತು ನೋಡುವ. 2007ರ ನವೆಂಬರಿನಲ್ಲಿ ಅಮೆರಿಕದ ವಾಲ್‌ಮಾರ್ಟಿನಲ್ಲಿ ತೋಷಿಬಾದ ಎ2 ಪ್ಲೇಯರ್ ನೂರು ಡಾಲರಿನ ಒಳಗೆ ಮಾರಿದ್ರು. ಅದನ್ನು ತಕೊಂಡವ ಮೂರು ತಿಂಗಳಲ್ಲಿ ಸೋತ, ಸರಿ. ಆದ್ರೆ ಅದು ಮಾಮೂಲಿ ಡಿವಿಡಿಯನ್ನು ಎಚ್‌ಡಿಎಂಐಯಲ್ಲಿ ದೊಡ್ಡ ಟೀವಿಗೆ ಚಂದ ಮಾಡಿ ಕೊಡ್ತಿತ್ತು, ಸಿಡಿ ಓಡ್ತಿತ್ತು, ಕೈಯಲ್ಲಿದ್ದ ಎಚ್‌ಡಿ ಡಿವಿಡಿಗಳೂ ಓಡ್ತಿದ್ದವು. ನೂರು ಡಾಲರಿಗೆ ಅದು ನಷ್ಟ ಅಂತ ನನಗೆ ಕಾಣುದಿಲ್ಲ. ಎಕ್ಸ್‌ಬಾಕ್ಸಿನ ಬೇರೆ ಡ್ರೈವ್ ಇತ್ತಲ್ಲ, ಅದು ಯುಎಸ್‌ಬಿಯದ್ದು, ಕಂಪ್ಯೂಟರಿಗೆ ಹಾಕಿದ್ರೆ ಓದ್ತದೆ, ಇವತ್ತಿಗೂ ಹಳೇ ಎಚ್‌ಡಿ ಡಿವಿಡಿಯಿಂದ ಸಿನಿಮಾ ಹೊರಗೆ ತೆಗಿಬೇಕಾದವರು ಅದನ್ನೇ ಹುಡುಕ್ತಾರೆ. ಇನ್ನು ಪ್ಲೇಸ್ಟೇಷನ್ 3 ತಕೊಂಡವನಿಗೆ ಬ್ಲೂ-ರೇ ಸೋತಿದ್ರೂ ಗೇಮ್ ಮೆಷಿನ್ ಕೈಯಲ್ಲಿ ಇರ್ತಿತ್ತು, ಮತ್ತೆ ಸಾಫ್ಟ್‌ವೇರ್ ಅಪ್‌ಡೇಟಿನಲ್ಲೇ 1.1, 2.0, 2010ರಲ್ಲಿ ತ್ರೀಡಿವರೆಗೆ ಬಂದ್ಬಿಟ್ಟಿತು.

ನಿಜವಾಗಿ ಕೈಸುಟ್ಟುಕೊಂಡವರು ಯಾರಂದ್ರೆ ಸಾವಿರ ಡಾಲರ್ ಕೊಟ್ಟು ಅಪ್‌ಡೇಟ್ ಆಗದ ಪ್ಲೇಯರ್ ತಕೊಂಡವರು, ಆ ಪ್ಲೇಯರ್ ಗೆದ್ದ ಗುಂಪಿನದ್ದೇ ಆಗಿದ್ರೂ ಸಹ. ಇನ್ನೊಂದು ಗುಂಪು, ಪ್ಲೇಯರಿಗಿಂತ ಹೆಚ್ಚು ದುಡ್ಡನ್ನು ಡಿಸ್ಕಿಗೆ ಹಾಕಿ ಕಪಾಟು ತುಂಬಿಸಿದವರು. ಪ್ಲೇಯರ್ ಹೋದ್ರೆ ಒಂದು ಪ್ಲೇಯರಿನ ದುಡ್ಡು, ಕಪಾಟು ಹೋದ್ರೆ ಹತ್ತು ಪ್ಲೇಯರಿನ ದುಡ್ಡು. ಎಚ್‌ಡಿ ಡಿವಿಡಿಯವರದ್ದು ಇನ್ನೂ ಬೇಸರದ ಕತೆ ಉಂಟು, ಆ ಕಾಲದಲ್ಲಿ ಒತ್ತಿದ ಸುಮಾರು ಡಿಸ್ಕುಗಳು ಒಳಗಿಂದ್ಲೇ ಕೆಟ್ಟು ಈಗ ಓದುದೇ ಇಲ್ಲ, ಹೊರಗೆ ನೋಡಿದ್ರೆ ಗೀರು ಕೂಡ ಇಲ್ಲ.

ಇದನ್ನು ಈಗಿನ ಕಾಲಕ್ಕೆ ತಂದ್ರೆ, ಟೀವಿ ಅಂಗಡಿಗೆ ಹೋದ ಕೂಡ್ಲೇ ಡಾಲ್ಬಿ ವಿಷನ್ನೋ ಎಚ್‌ಡಿಆರ್ 10 ಪ್ಲಸ್ಸೋ ಅಂತ ಕೇಳ್ತಾರೆ, ಎರಡೂ ಎಚ್‌ಡಿಆರ್‌ನ, ಅಂದ್ರೆ ಬೆಳಕು ಕತ್ತಲೆಯ ವ್ಯತ್ಯಾಸವನ್ನು ಹೆಚ್ಚು ಚಂದ ತೋರಿಸುವ ಕ್ರಮದ, ಬೇರೆ ಬೇರೆ ಬಗೆ, ಸ್ಯಾಮ್‌ಸಂಗ್ ಟೀವಿಯಲ್ಲಿ ಡಾಲ್ಬಿ ವಿಷನ್ ಇಲ್ಲ, ಅದಕ್ಕೆ ತಲೆಕೆಡಿಸಿಕೊಳ್ಬೇಕಾ ಅಂತ. 2016ರಲ್ಲಿ ಬಂದ 4ಕೆ ಬ್ಲೂ-ರೇಯ ನಿಯಮ ಮಾಡಿದವರು ಇಲ್ಲಿ ಒಂದು ಒಳ್ಳೇ ಕೆಲಸ ಮಾಡಿದ್ದಾರೆ. ಎಚ್‌ಡಿಆರ್ ಇರುವ ಡಿಸ್ಕಿನಲ್ಲಿ ಮಾಮೂಲಿ ಎಚ್‌ಡಿಆರ್ 10 ಇರ್ಲೇಬೇಕು, ಉಳಿದ ಎರಡು ಅದ್ರ ಮೇಲಿಂದ ಬೇಕಾದ್ರೆ ಹಾಕಬಹುದು. ಹಾಗಾಗಿ ನಿಮ್ಮ ಟೀವಿಯ ಪಕ್ಷ ಸೋತ್ರೂ ಚಿತ್ರ ಬರ್ತದೆ. 4ಕೆ ಡಿಸ್ಕಿಗೆ ರೀಜನ್ ಕೋಡೂ ತೆಗೆದುಬಿಟ್ರು, ಗಲ್ಫಿನಿಂದ ತಂದದ್ದು ಇಲ್ಲಿ ಓಡ್ತದೆ. ಇಂಥ ನಿಯಮ 2006ರಲ್ಲೇ ಇದ್ದಿದ್ರೆ ಅಂತ ಅನಿಸ್ತದೆ ನನಗೆ.

ಮುಂದಿನದ್ದು ಪ್ರಶ್ನೆಗಳು.

ಮದುವೆ ವಿಡಿಯೋ ಮಾಡುವ ಒಬ್ಬ ತಮ್ಮ ಕೇಳಿದ್ದು, ಸರ್ ಪಾರ್ಟಿಯವರು ಈಗ ಪೆನ್ ಡ್ರೈವಲ್ಲಿ ಕೊಡಿ ಸಾಕು ಅಂತಾರೆ, ಬ್ಲೂ-ರೇ ಬರೆದು ಕೊಡುದ್ರಲ್ಲಿ ಅರ್ಥ ಉಂಟಾ ಅಂತ. ಕೊಡುದಾದ್ರೆ ಎರಡೂ ಕೊಡಿ. ಪೆನ್ ಡ್ರೈವ್ ನೋಡ್ಲಿಕ್ಕೆ, ಡಿಸ್ಕ್ ಇಡ್ಲಿಕ್ಕೆ. ಪೆನ್ ಡ್ರೈವನ್ನು ಯಾರಾದ್ರೂ ಬೇರೆ ಕೆಲಸಕ್ಕೆ ಫಾರ್ಮ್ಯಾಟ್ ಮಾಡ್ತಾರೆ, ಬರೆದ ಡಿಸ್ಕನ್ನು ಹಾಗೆ ಅಳಿಸ್ಲಿಕ್ಕೆ ಆಗುದಿಲ್ಲ. ಆದ್ರೆ ಖಾಲಿ ಡಿಸ್ಕ್ ತಕೊಳ್ಳುವಾಗ ಡಬ್ಬಿಯ ಮೇಲೆ ಎಲ್‌ಟಿಎಚ್ ಅಂತ ಬರೆದದ್ದನ್ನು ಬಿಡಿ. ಅದು ಸಾವಯವ ಬಣ್ಣದ ಪದರ, ಬೆಳಕಿಗೆ ಬೇಗ ಹಾಳಾಗ್ತದೆ. ಎಚ್‌ಟಿಎಲ್ ಅಂದ್ರೆ ಲೋಹದಂಥ ಪದರ, ಅದು ಬಾಳಿಕೆ ಬರ್ತದೆ. ತುಂಬ ವರ್ಷ ಉಳಿಯುವ ಹಾಗೆ ಮಾಡಿದ ಎಂ-ಡಿಸ್ಕ್ ಅಂತ ಸಿಕ್ಕಿದ್ರೆ ಇನ್ನೂ ಒಳ್ಳೇದು, ನಿಮ್ಮ ರೈಟರ್ ಅದಕ್ಕೆ ಆಗ್ತದಾ ಅಂತ ಮೊದ್ಲು ನೋಡಿಕೊಳ್ಳಿ. ಮತ್ತೆ ಬೇಗ ತಕೊಳ್ಳಿ, ಯಾಕಂದ್ರೆ ಸೋನಿಯವರು 2025ರ ಫೆಬ್ರವರಿಗೆ ಖಾಲಿ ಬ್ಲೂ-ರೇ ಡಿಸ್ಕ್ ಮಾಡುದನ್ನು ನಿಲ್ಲಿಸಿದ್ದಾರೆ, ಅದ್ರ ಒಟ್ಟಿಗೆ ಮಿನಿಡಿವಿ ಕ್ಯಾಸೆಟನ್ನೂ.

ಒಬ್ರು ಅಕ್ಕ, ಮಕ್ಕಳು ಹೊರದೇಶದಲ್ಲಿ ಇರುವವರು, ಕೇಳಿದ್ರು, ಮನೆಯಲ್ಲಿ ಇರುವ ಬ್ಲೂ-ರೇ ಪ್ಲೇಯರ್ ಇಡುದಾ ಕೊಟ್ಟುಬಿಡುದಾ ಅಂತ. ಅಕ್ಕ, ಖಂಡಿತ ಇಡಿ. ಸ್ಯಾಮ್‌ಸಂಗ್ 2019ರಲ್ಲೇ ಹೊಸದು ಮಾಡುದು ನಿಲ್ಲಿಸಿತು, ಎಲ್‌ಜಿಯೂ 2024ರಲ್ಲಿ ಹಿಂದೆ ಸರಿಯಿತು. ನಿಮ್ಮತ್ರ ಇರುವ ಆ ಒಂದು ಪೆಟ್ಟಿಗೆ ಸಿಡಿ, ಡಿವಿಡಿ, ಬ್ಲೂ-ರೇ ಮೂರನ್ನೂ ಓದ್ತದೆ, ಸುಮಾರು ಪ್ಲೇಯರುಗಳು ಎವಿಸಿಎಚ್‌ಡಿ ಕ್ಯಾಮೆರಾದಿಂದ ಮಾಮೂಲಿ ಡಿವಿಡಿಗೆ ಬರೆದ ಎಚ್‌ಡಿಯನ್ನೂ ಓದ್ತವೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಆನ್ ಮಾಡಿ ಅರ್ಧ ಗಂಟೆ ಓಡಿಸಿ, ಒಳಗೆ ಬಿಸಿ ಆದ್ರೆ ಲೆನ್ಸಿಗೆ ಬೂಸ್ಟು ಹಿಡಿಯುದು ಕಮ್ಮಿ. ಮೇಲೆ ಬಟ್ಟೆ ಮುಚ್ಚಿಡ್ಬೇಡಿ, ನಮ್ಮ ಕಡಲ ಬದಿಯ ಗಾಳಿಗೆ ಒಳಗಿನ ತೇವ ಹೊರಗೆ ಹೋಗ್ಬೇಕು.

ಕೊನೆಗೆ ಕೇಳಿದವರು ಹಿರಿಯರು, ಹಳೇ ಮೇಳದ ಆಟಗಳನ್ನು ಟೇಪಿನಲ್ಲಿ ಹಿಡಿದಿಟ್ಟವರು, ವಿಎಚ್‌ಎಸ್ ಉಂಟು, ಮಿನಿಡಿವಿ ಕ್ಯಾಸೆಟಿನಲ್ಲಿ ತೆಗೆದ ಎಚ್‌ಡಿ ವಿಡಿಯೋ, ಅಂದ್ರೆ ಎಚ್‌ಡಿವಿ, ಉಂಟು, ಹಾಡಿದ ಭಾಗವತರಲ್ಲಿ ಕೆಲವರು ಈಗ ಇಲ್ಲ. ಎಂತದಕ್ಕೆ ಹಾಕಿಡ್ಲಿ ಅಂತ ಕೇಳಿದ್ರು. ಈ ಪ್ರಶ್ನೆಗೆ ನಾನು ತುಂಬ ಹೊತ್ತು ತಕೊಂಡೆ. ರಾಯರೆ, ಎಚ್‌ಡಿವಿ ಟೇಪ್ ಗಂಟೆಗೆ ಸುಮಾರು 11 ಜಿಬಿ ಆಗ್ತದೆ, ಎಂಟು ಗಂಟೆಯ ಇಡೀ ರಾತ್ರಿಯ ಆಟಕ್ಕೆ 90 ಜಿಬಿ ಹತ್ರ. 25 ಜಿಬಿಯ ಡಿಸ್ಕ್ ನಾಲ್ಕು ಬೇಕು. ಅದನ್ನೇ ಎಚ್.264ಕ್ಕೆ 17 ಮೆಗಾಬಿಟ್ಟಿನಲ್ಲಿ ಬದಲಿಸಿದ್ರೆ 61 ಜಿಬಿ, ಮೂರು ಡಿಸ್ಕ್. ಮೂರು ಗಂಟೆಯ ಕಾಲಮಿತಿ ಆಟ ಒಂದೇ ಡಿಸ್ಕಿನಲ್ಲಿ ಹಿಡಿತದೆ. ಆದ್ರೆ ನನ್ನನ್ನು ಕೇಳಿದ್ರೆ ಮೊದಲ ಪ್ರತಿ ಬದಲಿಸದೆ ಟೇಪಿನಲ್ಲಿ ಇದ್ದ ಹಾಗೆಯೇ ತೆಗೆದು ಹಾರ್ಡ್ ಡಿಸ್ಕಿಗೆ ಹಾಕಿ, ಎರಡನೇ ಪ್ರತಿ ಇನ್ನೊಂದು ಹಾರ್ಡ್ ಡಿಸ್ಕಿಗೆ, ಅದು ಬೇರೆ ಮನೆಯಲ್ಲಿರ್ಲಿ, ಮೂರನೇದು ಬ್ಲೂ-ರೇಗೆ. ಮೂರರಲ್ಲಿ ಯಾವ ಒಂದು ಹೋದ್ರೂ ಆಟ ಉಳಿಬೇಕು. ಫೈಲಿನ ಹೆಸರಲ್ಲಿ ಮೇಳ, ಪ್ರಸಂಗ, ಊರು, ವರ್ಷ, ಭಾಗವತರ ಹೆಸರು ಬರೀರಿ, ಇದು ಈಗ ನಿಮಗೆ ಮಾತ್ರ ಗೊತ್ತಿರುದು.

ಮತ್ತೆ ಇದನ್ನು ಮಳೆ ಹಿಡಿಯುವ ಮೊದ್ಲೇ ಶುರು ಮಾಡ್ಬೇಕು. ಟೇಪ್ ಇನ್ನೂ ಸ್ವಲ್ಪ ವರ್ಷ ಇರಬಹುದು, ಅದನ್ನು ಓಡಿಸುವ ಡೆಕ್ ಸಿಗುದು ಕಷ್ಟ, ರಿಪೇರಿ ಮಾಡುವ ಕೈ ಅದಕ್ಕಿಂತ ಕಷ್ಟ. ಡೆಕ್ಕಿಗೆ ಹಾಕುವ ಮೊದ್ಲು ಪ್ರತಿ ಕ್ಯಾಸೆಟಿನ ಕಿಟಕಿಯಲ್ಲಿ ಟಾರ್ಚ್ ಹಾಕಿ ನೋಡಿ, ಟೇಪಿನ ಅಂಚಲ್ಲಿ ಬಿಳಿ ಪುಡಿ ಹಾಗೆ ಕಂಡ್ರೆ ಅದು ಬೂಸ್ಟು, ಅದನ್ನು ಹಾಕ್ಬೇಡಿ, ಹೆಡ್ಡಿಗೆ ಹತ್ತಿ ಮುಂದೆ ಹಾಕುವ ಒಳ್ಳೇ ಟೇಪಿಗೂ ಹರಡ್ತದೆ. ಅಂಥದ್ದನ್ನು ಬೇರೆ ತೆಗೆದಿಡಿ, ಸ್ವಚ್ಛ ಇರುವುದನ್ನು ಮೊದ್ಲು ಮುಗಿಸಿ. ನನ್ನತ್ರ ಎರಡೂ ತರದ ಡೆಕ್ ಓಡುವ ಸ್ಥಿತಿಯಲ್ಲಿ ಉಂಟು, ಬೇಕಾದವರು ಈಗ ಚಾ ಕುಡಿಯುವಾಗ ಹೇಳಿ, ದಿನ ಗೊತ್ತು ಮಾಡುವ.